ಸಹಾಯ ಬೇಕು: ಚೆಕ್ ಭಾಷೆ ಬಲ್ಲ ಕನ್ನಡಿಗರು ಯಾರಾದರೂ ಇದ್ದೀರಾ?

ನಮಸ್ಕಾರ ಎಲ್ಲರಿಗೂ. 1966ರ 'ಪೆರ್ಲಿಚ್ಕಿ ನ ದ್ನೆ' ಅನ್ನೋ ಚೆಕ್ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಹೆಸರಿನ ಅರ್ಥ 'ತಳದ ಮುತ್ತುಗಳು'. ಚೆಕ್ ಲೇಖಕ ಬೊಹುಮಿಲ್ ಹ್ರಬಲ್ ಅವರ ಐದು ಕಥೆಗಳು, ಐವರು ನಿರ್ದೇಶಕರು. ಯಿರ್ಜಿ ಮೆಂಜೆಲ್, ವೇರಾ ಖಿತಿಲೋವಾ ಇಬ್ಬರೂ ಆ ಐವರಲ್ಲಿದ್ದಾರೆ.

ನನಗೆ ತುಂಬಾ ಇಷ್ಟವಾದದ್ದು ಯಾನ್ ನೆಮೆತ್ಸ್ ಮಾಡಿದ ಭಾಗ. ಆಸ್ಪತ್ರೆಯಲ್ಲಿ ಇಬ್ಬರು ಮುದುಕರು. ಒಬ್ಬರಿಗೊಬ್ಬರು ತಮ್ಮ ಹಳೇ ವೈಭವ ಹೇಳಿಕೊಳ್ಳುತ್ತಾರೆ. ಅವರು ತೀರಿಕೊಂಡ ಮೇಲೆ ಗೊತ್ತಾಗುತ್ತದೆ, ಹೇಳಿದ್ದೆಲ್ಲ ಸುಳ್ಳು! ನಗು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ನನ್ನ ಕಷ್ಟ ಮಾತಿನದು. ಇಂಗ್ಲಿಷ್ ಸಬ್‌ಟೈಟಲ್ ನೋಡಿ ಬರೆದರೆ ಹರಟೆಯ ರುಚಿಯೇ ಹೋಗುತ್ತದೆ. ಅದರಲ್ಲೂ ಮೆಂಜೆಲ್ ಭಾಗದಲ್ಲಿ ಬೈಕ್ ರೇಸ್ ನೋಡಲು ಬಂದವರ ಮಾತು ನಿಲ್ಲುವುದೇ ಇಲ್ಲ. ಇಂಥ ಮಾತುಗಾರರನ್ನು ಹ್ರಬಲ್ 'ಪಾಬಿತೆಲ್' ಅಂತ ಕರೆದರು. ಸುಮ್ನೆ 'ಹರಟೆಮಲ್ಲ' ಅಂದರೆ ಸಾಲದು ಅನ್ನಿಸುತ್ತದೆ. ಅವರ ಮಾತಲ್ಲಿ ಕನಸೂ ಇದೆ, ಅಲ್ವಾ?

ಪ್ರಾಗ್ ಅಥವಾ ಬ್ರನೋದಲ್ಲಿರುವವರು ಒಂದೆರಡು ಸಂಜೆ ನನ್ನ ಜೊತೆ ಫೋನಲ್ಲಿ ಕೂತು ಸಂಭಾಷಣೆ ಬಿಡಿಸಿ ಹೇಳಿದರೆ ದೊಡ್ಡ ಉಪಕಾರ. 'ಪಾಬಿತೆಲ್'ಗೆ ನಿಮ್ಮ ಊರ ಕಡೆ ಒಳ್ಳೇ ಪದ ಇದ್ದರೆ ದಯವಿಟ್ಟು ಇಲ್ಲೇ ಬರೆಯಿರಿ.