ಅರಿಜೋನಾದ ಈ ಪಾಪಾಸುಕಳ್ಳಿ ಯಾವ ಜಾತಿ?

ಪ್ರಶ್ನೆ: ಟೂಸಾನ್ ಸುತ್ತಲಿನ ಸೊನೋರನ್ ಮರುಭೂಮಿಯ ಗಿಡದ ಫೋಟೊ ಹಾಕಿದ್ದೇನೆ. ಸೊಂಟದೆತ್ತರದ ಪೊದೆ, ಚಪ್ಪಟೆ ಕಾಂಡಗಳು ಸುಮಾರು 25 ಸೆಂ.ಮೀ. ಉದ್ದ, ಬಿಳಿ ಮುಳ್ಳು, ಹಳದಿ ಹೂ. ಕೆಲವು ಕಾಂಡ ನೇರಳೆ ಬಣ್ಣಕ್ಕೆ ತಿರುಗಿವೆ. ಇದು ಒಪನ್ಷಿಯಾ (ಚಪ್ಪಟೆ ಕಾಂಡದ ಪಾಪಾಸುಕಳ್ಳಿಗಳ ಕುಲ) ಸಾಂಟಾ ರೀಟಾ ತಾನೆ ಸರ್?

ಉತ್ತರ: ಬಣ್ಣ ನೋಡಿ ಹೆಸರಿಡಬೇಡಿ. ಚಳಿ ಬಿದ್ದಾಗ, ನೀರು ಸಾಲದಾದಾಗ ಬೀಟಲೇನ್ ಎಂಬ ವರ್ಣದ್ರವ್ಯ ಹೆಚ್ಚಿ ಹಸಿರು ಜಾತಿಗಳೂ ನೇರಳೆ ಛಾಯೆ ಪಡೆಯುತ್ತವೆ. ಸಾಂಟಾ ರೀಟಾದಲ್ಲಿ ದೊಡ್ಡ ಮುಳ್ಳು ಬಹಳ ಕಡಿಮೆ. ಇದ್ದರೂ ಹೆಚ್ಚಾಗಿ ಮೇಲಂಚಿನಲ್ಲಿ. ನಿಮ್ಮ ಫೋಟೊದಲ್ಲಿ ಕಾಂಡದ ನಡುಭಾಗದಲ್ಲೂ ಒಂದೊಂದು ಕಣ್ಣಿನಿಂದ (ಮುಳ್ಳು ಹುಟ್ಟುವ ಚುಕ್ಕೆ) ಮೂರ್ನಾಲ್ಕು ಮುಳ್ಳು ಹಕ್ಕಿಯ ಕಾಲ್ಬೆರಳಿನಂತೆ ಕೆಳಮುಖವಾಗಿ ಹರಡಿವೆ. ಅವು ಚಪ್ಪಟೆ, ಸುಣ್ಣ ಬಳಿದಂತೆ ಬಿಳಿ, ಬುಡ ಮಾತ್ರ ಕೆಂಗಂದು. ಇದು ಒಪನ್ಷಿಯಾ ಎಂಗಲ್ಮನೀ ಲಕ್ಷಣ.

ಪ್ರಶ್ನೆ: ಇದನ್ನೇ ಹೋಲುವ ಇನ್ನೊಂದು ಜಾತಿ, ಒಪನ್ಷಿಯಾ ಫಿಯಾಕ್ಯಾಂತಾ ಅಲ್ಲ ಅಂತ ಹೇಗೆ ಖಚಿತಪಡಿಸಿಕೊಳ್ಳೋದು?

ಉತ್ತರ: ಗೊಂದಲ ಹೆಚ್ಚಾಗಿ ಆಗುವುದು ಈ ಎರಡರ ನಡುವೆಯೇ. ಫಿಯಾಕ್ಯಾಂತಾ ಸಾಮಾನ್ಯವಾಗಿ ಗಿಡ್ಡ, ನೆಲಕ್ಕೆ ಹಬ್ಬುವ ಸ್ವಭಾವದ್ದು. ಮುಳ್ಳಿನಲ್ಲಿ ಕಂದು ಹೆಚ್ಚು. ಆದರೆ ಎತ್ತರ ಒಂದನ್ನೇ ನೆಚ್ಚಬೇಡಿ, ಎಳೆಯ ಎಂಗಲ್ಮನೀಯೂ ಗಿಡ್ಡವೇ. ಹೊಸದಾಗಿ ಅರಳಿದ ಹೂವಿನ ಒಳಗೆ ನೋಡಿ: ಎಸಳು ಬುಡದವರೆಗೂ ಹಳದಿಯಾಗಿದ್ದರೆ ಎಂಗಲ್ಮನೀ, ಬುಡದಲ್ಲಿ ಕೆಂಪಿದ್ದರೆ ಫಿಯಾಕ್ಯಾಂತಾ. ಬಾಡುತ್ತಿರುವ ಹೂ ಕಿತ್ತಳೆ ಬಣ್ಣಕ್ಕೆ ತಿರುಗಿ ದಾರಿ ತಪ್ಪಿಸುತ್ತದೆ, ಅದನ್ನು ಬಿಟ್ಟುಬಿಡಿ.

ಹಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಪೂರ್ತಿ ಮಾಗಿ ಬಿದ್ದದ್ದನ್ನು ಇಕ್ಕಳದಲ್ಲಿ ಹಿಡಿದು ಅಡ್ಡ ಕೊಯ್ಯಿರಿ. ತಿರುಳೂ ಕಡುಗೆಂಪಾಗಿದ್ದರೆ ಎಂಗಲ್ಮನೀ. ಸಿಪ್ಪೆ ಕೆಂಪಾಗಿದ್ದು ತಿರುಳು ಹಸಿರಾಗಿದ್ದರೆ ಫಿಯಾಕ್ಯಾಂತಾ ಕಡೆಗೆ ವಾಲುತ್ತದೆ. ಅರೆಮಾಗಿದ ಹಣ್ಣು ಕೊಯ್ದರೆ ತಪ್ಪು ಉತ್ತರವೇ ಸಿಗುತ್ತದೆ. ಬರಿಗೈಯಲ್ಲಂತೂ ಮುಟ್ಟಲೇಬೇಡಿ: ಗ್ಲಾಕಿಡ್ ಎಂಬ ಕೂದಲಿನಂಥ ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿರುತ್ತವೆ, ಉಜ್ಜಿದಷ್ಟೂ ಚರ್ಮದೊಳಕ್ಕೆ ಇಳಿಯುತ್ತವೆ.

ಪ್ರಶ್ನೆ: ಕಾಂಡದ ಮೇಲೆ ಹತ್ತಿಯಂಥ ಬಿಳಿ ಉಂಡೆಗಳಿವೆ. ಅದೂ ಗುರುತೇ?

ಉತ್ತರ: ಅಲ್ಲ, ಅದು ಕೊಚಿನೀಲ್ ಹುಳುವಿನ ಮೇಣದ ಹೊದಿಕೆ. ಕಡ್ಡಿಯಿಂದ ಒತ್ತಿದರೆ ರಕ್ತಗೆಂಪು ರಸ ಬರುತ್ತದೆ. ಬೇರೆ ಒಪನ್ಷಿಯಾಗಳ ಮೇಲೂ ಕೂರುವುದರಿಂದ ಜಾತಿ ಹೇಳಲು ಅದು ನೆರವಾಗದು.

ಮತ್ತೆ ಫೋಟೊ ತೆಗೆಯುವಾಗ ಇಡೀ ಪೊದೆ, ಕಾಂಡದ ನಡುವಿನ ಒಂದು ಕಣ್ಣು ಅಳತೆಪಟ್ಟಿಯ ಸಮೇತ, ಹೂವಿನ ಒಳಭಾಗ, ಕೊಯ್ದ ಹಣ್ಣು, ಇಷ್ಟು ಹಾಕಿ. ಈ ಜಾತಿಗಳು ಪರಸ್ಪರ ಬೆರೆಯುತ್ತವೆ. ಹೂ ಒಂದು ಕಡೆ, ಹಣ್ಣು ಇನ್ನೊಂದು ಕಡೆ ಬೆರಳು ತೋರಿಸಿದರೆ 'ಮಿಶ್ರತಳಿ ಇರಬಹುದು' ಎಂದು ಬರೆದಿಡುವುದೇ ಸರಿಯಾದ ಗುರುತು.