ರೀಬೂಟ್ ಆದ ಮೇಲೂ ಹಳೆಯ ಇಂಟರಪ್ಟ್ ಬರುತ್ತಿದೆ: ವಿಸಿಪಿಯು (ವರ್ಚುವಲ್ ಸಿಪಿಯು) ರೀಸೆಟ್ ಪರೀಕ್ಷಿಸೋದು ಹೇಗೆ?

ಪ್ರಶ್ನೆ: ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಶನ್ ಸೌಲಭ್ಯ) ಮೇಲೆ ರಸ್ಟ್‌ನಲ್ಲಿ ಒಂದು ಪುಟ್ಟ ವಿಎಂಎಂ (ವರ್ಚುವಲ್ ಯಂತ್ರ, ಅಂದರೆ ಗೆಸ್ಟ್ ನಡೆಸುವ ಪ್ರೋಗ್ರಾಂ) ಬರೀತಿದ್ದೇನೆ. ಇಂಟೆಲ್ ಹೋಸ್ಟ್, ಎಪಿಕ್ (ಇಂಟರಪ್ಟ್ ಕಂಟ್ರೋಲರ್) ಕರ್ನಲ್ ಒಳಗೇ ಇದೆ. ಮೊದಲ ಬೂಟ್‌ಗೆ ಏನೂ ತೊಂದರೆ ಇಲ್ಲ. ಗೆಸ್ಟ್ ಒಳಗಿಂದ ರೀಬೂಟ್ ಕೊಟ್ಟಾಗ ಮಾತ್ರ ಒಮ್ಮೊಮ್ಮೆ ಕೆವಿಎಂ_ರನ್ (ವಿಸಿಪಿಯು ಓಡಿಸುವ ಕರೆ) "ಫೇಲ್ ಎಂಟ್ರಿ" ಅಂತ ವಾಪಸ್ ಬರುತ್ತೆ, ಕಾರಣದ ಸಂಖ್ಯೆ ಹೆಕ್ಸ್ 80000021. ಇನ್ನು ಕೆಲವು ಸಲ ಟ್ರಿಪಲ್ ಫಾಲ್ಟ್ (ಸಿಪಿಯು ಚೇತರಿಸಿಕೊಳ್ಳಲಾಗದ ದೋಷ). ಹೋಸ್ಟ್ ಮೇಲೆ ಲೋಡ್ ಇದ್ದರೆ ಜಾಸ್ತಿ. ರೀಸೆಟ್ ಮಾಡುವಾಗ ರೆಗ್ಸ್ (ಸಾಮಾನ್ಯ ರಿಜಿಸ್ಟರ್‌ಗಳು), ಎಸ್‌ರೆಗ್ಸ್ (ವಿಶೇಷ ರಿಜಿಸ್ಟರ್‌ಗಳು), ಲ್ಯಾಪಿಕ್ (ಆಯಾ ಸಿಪಿಯುವಿನ ಎಪಿಕ್) ಮೂರನ್ನೂ ಹೊಸದಾಗಿ ಬರೆಯುತ್ತೇನೆ. ಎಲ್ಲಿ ತಪ್ಪುತ್ತಿದೆ? ಇದಕ್ಕೆ ನಂಬಬಹುದಾದ ಟೆಸ್ಟ್ ಬರೆಯೋದು ಹೇಗೆ?

ಉತ್ತರ (ವರ್ಚುವಲೈಸೇಶನ್ ಎಂಜಿನಿಯರ್): ಆ ಸಂಖ್ಯೆ ಕೊಟ್ಟಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. 80000021 ಅಂದರೆ ಗೆಸ್ಟ್ ಸ್ಥಿತಿ ಸರಿಯಿಲ್ಲ ಅಂತ ಪ್ರೊಸೆಸರ್ ವಿಎಂ ಎಂಟ್ರಿಯನ್ನೇ (ಗೆಸ್ಟ್ ಕೋಡ್ ಒಳಗೆ ಹೋಗುವುದನ್ನೇ) ನಿರಾಕರಿಸಿದೆ. ಎಂಟ್ರಿ ಜೊತೆಗೆ ಹೊರಗಿನ ಇಂಟರಪ್ಟ್ ಒಂದನ್ನು ಇಂಜೆಕ್ಟ್ ಮಾಡಬೇಕಾದರೆ ಗೆಸ್ಟ್‌ನ ಐಎಫ್ ಬಿಟ್ (ಇಂಟರಪ್ಟ್‌ಗೆ ಅನುಮತಿ ಕೊಡುವ ಬಿಟ್) 1 ಇರಲೇಬೇಕು, ಇಂಟೆಲ್ ನಿಯಮ ಇದು. ರೀಸೆಟ್ ಆದ ಮೇಲೆ ಆರ್‌ಫ್ಲ್ಯಾಗ್ಸ್ (ಐಎಫ್ ಇರುವ ರಿಜಿಸ್ಟರ್) ಬೆಲೆ 2, ಐಎಫ್ ಸೊನ್ನೆ. ಹಳೆಯ ಇಂಜೆಕ್ಷನ್ ಒಂದು ಕ್ಯೂನಲ್ಲೇ ಉಳಿದಿದ್ದರೆ ಎರಡಕ್ಕೂ ತಾಳೆಯಾಗೋದಿಲ್ಲ.

ಅದು ಉಳಿಯೋದು ಹೇಗೆ? ಕೆವಿಎಂ ಇಂಟರಪ್ಟನ್ನು ಎತ್ತಿ ಎಂಟ್ರಿಗೆ ಸಿದ್ಧ ಮಾಡಿರುತ್ತದೆ. ಅಷ್ಟರಲ್ಲಿ ನಿಮ್ಮ ವಿಎಂಎಂ ವಿಸಿಪಿಯು ಥ್ರೆಡ್ ನಿಲ್ಲಿಸಲು ಸಿಗ್ನಲ್ ಕಳಿಸುತ್ತದೆ. ಕೆವಿಎಂ ಎಂಟ್ರಿ ರದ್ದು ಮಾಡಿ, ಆ ಇಂಟರಪ್ಟನ್ನು "ಇಂಜೆಕ್ಟೆಡ್" ಅಂತ ಗುರುತು ಹಾಕಿ ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತದೆ. ನೀವು ಬರೆಯುವ ಲ್ಯಾಪಿಕ್ ಪುಟದಲ್ಲಿ ಇದರ ಸುಳಿವೇ ಇರೋದಿಲ್ಲ. ಇದಿರೋದು ಕೆವಿಎಂ_ಸೆಟ್_ವಿಸಿಪಿಯು_ಇವೆಂಟ್ಸ್ ಹತ್ತಿರ, ನೀವು ಬಿಟ್ಟಿರೋ ನಾಲ್ಕನೆಯದು ಅದೇ. ಲೋಡ್ ಇದ್ದಾಗ ಜಾಸ್ತಿ ಆಗೋದಕ್ಕೂ ಕಾರಣ ಇದು: ಇಂಟರಪ್ಟ್‌ಗಳು ಹೆಚ್ಚಾದಷ್ಟೂ ಸಿಗ್ನಲ್ ಆ ಕಿಂಡಿಯಲ್ಲಿ ಬೀಳುವ ಸಂಭವ ಹೆಚ್ಚು.

ಟ್ರಿಪಲ್ ಫಾಲ್ಟ್‌ಗೆ ನನ್ನ ಅನುಮಾನ ಎನ್‌ಎಂಐ (ಐಎಫ್‌ನಿಂದ ಮುಚ್ಚಲಾಗದ ಇಂಟರಪ್ಟ್) ಮೇಲೆ. ಐಎಫ್ ಸೊನ್ನೆ ಇರುವಾಗ ಸಾಮಾನ್ಯ ಇಂಟರಪ್ಟ್ ಗೆಸ್ಟನ್ನು ಕೊಲ್ಲಲಾರದು, ಎನ್‌ಎಂಐ ಕೊಲ್ಲಬಲ್ಲದು. ಲಿನಕ್ಸ್ ರೀಬೂಟ್ ಆಗುವಾಗ ಮಿಕ್ಕ ಸಿಪಿಯುಗಳಿಗೆ ಮೊದಲು ಐಪಿಐ (ಸಿಪಿಯುನಿಂದ ಸಿಪಿಯುಗೆ ಹೋಗುವ ಇಂಟರಪ್ಟ್) ಕಳಿಸುತ್ತದೆ, ಅದಕ್ಕೂ ನಿಲ್ಲದವಕ್ಕೆ ಎನ್‌ಎಂಐ. ಐಡಿಟಿ (ಇಂಟರಪ್ಟ್ ಹ್ಯಾಂಡ್ಲರ್‌ಗಳ ಪಟ್ಟಿ) ಇನ್ನೂ ಸಿದ್ಧವಾಗದ ಹೊತ್ತಲ್ಲಿ ಅದು ಬಂದಿಳಿದರೆ ಕತೆ ಮುಗೀತು. ಇಲ್ಲೊಂದು ಕೊಕ್ಕೆ ಇದೆ: ಇವೆಂಟ್ಸ್ ರಚನೆಯಲ್ಲಿ ಎನ್‌ಎಂಐ ಪೆಂಡಿಂಗ್ ಜಾಗಕ್ಕೆ ಸೊನ್ನೆ ತುಂಬಿದರೆ ಸಾಲದು. ಫ್ಲ್ಯಾಗ್ಸ್‌ನಲ್ಲಿ ವ್ಯಾಲಿಡ್_ಎನ್‌ಎಂಐ_ಪೆಂಡಿಂಗ್ ಬಿಟ್ ಏರಿಸದಿದ್ದರೆ ಕೆವಿಎಂ ಆ ಜಾಗದತ್ತ ನೋಡೋದೇ ಇಲ್ಲ, ಹಳೆಯ ಎನ್‌ಎಂಐ ಹಾಗೇ ಉಳಿಯುತ್ತದೆ. ಎಸ್‌ಐಪಿಐ (ಸಿಪಿಯುಗೆ ಓಟ ಶುರು ಮಾಡಲು ಹೇಳುವ ಸಂದೇಶ) ವೆಕ್ಟರ್‌ಗೂ ಇಂಥದೇ ಇನ್ನೊಂದು ಬಿಟ್ ಇದೆ. ಕ್ಯೂಎಮು ಎಂಬ ವಿಎಂಎಂ ರೀಸೆಟ್ ಹೊತ್ತಲ್ಲಿ ಎನ್‌ಎಂಐ ಬಿಟ್ ಏರಿಸಿಯೇ ಬರೆಯುತ್ತದೆ.

ಇನ್ನು ಟೆಸ್ಟ್ ವಿಷಯ. ಎಕ್ಸ್86ರಲ್ಲಿ ರೀಸೆಟ್ ಎರಡು ದಾರಿಯಲ್ಲಿ ಬರುತ್ತದೆ, ಎರಡಕ್ಕೂ ಬೇರೆ ಬೇರೆ ಟೆಸ್ಟ್ ಬೇಕು. ಒಂದು ನಿಮ್ಮ ರೀಬೂಟ್, ಅಲ್ಲಿ ಪೂರ್ತಿ ಹೊಣೆ ವಿಎಂಎಂನದು. ಇನ್ನೊಂದು ಗೆಸ್ಟ್‌ನ ಒಂದು ಸಿಪಿಯು ಮತ್ತೊಂದಕ್ಕೆ ಇನಿಟ್ (ರೀಸೆಟ್ ಆಗು ಎಂಬ ಸಂದೇಶ) ಕಳಿಸುವುದು. ಅದನ್ನು ಕೆವಿಎಂ ತಾನೇ ನಿಭಾಯಿಸುತ್ತದೆ. ಎರಡನೆಯದನ್ನು ಮೊದಲು ಬರೆಯಿರಿ, ಸರಿಯಾದ ನಡವಳಿಕೆ ಹೇಗಿರುತ್ತೆ ಅಂತ ಕಣ್ಣಿಗೆ ಕಾಣುತ್ತದೆ.

ಎರಡು ವಿಸಿಪಿಯು ಸಾಕು, ಎಕ್ಸ್2ಎಪಿಕ್ ಮೋಡ್‌ನಲ್ಲಿಡಿ (ಅದರಲ್ಲಿ ಎಪಿಕ್ ರಿಜಿಸ್ಟರ್‌ಗಳನ್ನು ಎಂಎಸ್‌ಆರ್ ಎಂಬ ಸಿಪಿಯು ರಿಜಿಸ್ಟರ್‌ಗಳಾಗಿ ಓದಬಹುದು). ಸಿಪಿಯು 1 ಇಂಟರಪ್ಟ್ ಮುಚ್ಚಿಕೊಂಡು ಸುತ್ತುತ್ತಿರಲಿ. ಸಿಪಿಯು 0 ಅದಕ್ಕೆ ವೆಕ್ಟರ್ (ಇಂಟರಪ್ಟ್ ಸಂಖ್ಯೆ) 96 ಕಳಿಸಲಿ. ಬಂದು ಕೂತಿದೆಯೇ ಅಂತ ಸಿಪಿಯು 1 ತನ್ನ ಐಆರ್‌ಆರ್ (ಬಾಕಿ ಇಂಟರಪ್ಟ್‌ಗಳ ರಿಜಿಸ್ಟರ್) ಓದಿ ಖಚಿತ ಮಾಡಿಕೊಳ್ಳಬೇಕು. 96ನ್ನು 32ರಿಂದ ಭಾಗಿಸಿದರೆ 3, ಶೇಷ ಸೊನ್ನೆ. ಹಾಗಾಗಿ ಎಂಎಸ್‌ಆರ್ ಹೆಕ್ಸ್ 823ರ ಸೊನ್ನೆಯ ಬಿಟ್. ಈಗ ಸಿಪಿಯು 0 ಇನಿಟ್ ಕಳಿಸಲಿ (ಸಂದೇಶ ಕಳಿಸುವ ರಿಜಿಸ್ಟರ್ ಐಸಿಆರ್‌ನ ಕೆಳಭಾಗದಲ್ಲಿ ಹೆಕ್ಸ್ 4500), ಆಮೇಲೆ ಎಸ್‌ಐಪಿಐ (ಹೆಕ್ಸ್ 4608, ವೆಕ್ಟರ್ 8 ಆದ್ದರಿಂದ ಓಟ ಹೆಕ್ಸ್ 8000ದಿಂದ ಶುರು). ಅಲ್ಲಿಟ್ಟ ರಿಯಲ್ ಮೋಡ್ ಕೋಡ್ ಬೇರೇನೂ ಮಾಡುವ ಮೊದಲು 823ನ್ನು ಮತ್ತೆ ಓದಿ ಮೆಮೊರಿಯಲ್ಲಿ ಬರೆದಿಡಲಿ. ಸೊನ್ನೆ ಇರಬೇಕು. ಎಕ್ಸ್2ಎಪಿಕ್ ಆರಿಸಿದ್ದಕ್ಕೆ ಎರಡು ಲಾಭ: ರಿಯಲ್ ಮೋಡ್‌ನಲ್ಲೇ ಎಂಎಸ್‌ಆರ್ ಓದಬಹುದು, ಜೊತೆಗೆ ಇನಿಟ್ ನಂತರವೂ ಆ ಮೋಡ್ ಉಳಿಯಬೇಕೆಂಬ ನಿಯಮವೂ ಪುಕ್ಕಟೆಯಾಗಿ ಪರೀಕ್ಷೆಯಾಗುತ್ತದೆ. ಮೋಡ್ ಕಳೆದಿದ್ದರೆ ಓದು ಜನರಲ್ ಪ್ರೊಟೆಕ್ಷನ್ ಫಾಲ್ಟ್ ಕೊಡುತ್ತದೆ.

ಬಹಳ ಮಂದಿ ಇಲ್ಲಿಗೆ ನಿಲ್ಲಿಸಿ "ಪಾಸ್" ಬರೆದುಬಿಡುತ್ತಾರೆ. ಇನಿಟ್ ಆದ ಮೇಲೆ ಎಪಿಕ್ ಸಾಫ್ಟ್‌ವೇರ್ ಮಟ್ಟದಲ್ಲಿ ಆಫ್ ಇರುತ್ತದೆ, ಹೊಸ ಇಂಟರಪ್ಟನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆ ಸ್ಥಿತಿಯಲ್ಲಿ "ಇಂಟರಪ್ಟ್ ಬರಲಿಲ್ಲ" ಅನ್ನೋದಕ್ಕೆ ಅರ್ಥವೇ ಇಲ್ಲ. ಎಸ್‌ವಿಆರ್ ರಿಜಿಸ್ಟರ್ ಬರೆದು ಎಪಿಕ್ ಆನ್ ಮಾಡಿ, ಐಎಫ್ ತೆರೆಯಿರಿ, ಹಳೆಯ 96 ಬರಲಿಲ್ಲ ಅಂತ ನೋಡಿ. ಆಮೇಲೆ ಹೊಸದಾಗಿ 97 ಕಳಿಸಿ, ಅದು ಬಂದೇ ಬರಬೇಕು. 97 ಬಂದರೆ ಮಾತ್ರ 96ರ ಮೌನಕ್ಕೆ ಬೆಲೆ.

ಇದೇ ಅಚ್ಚಿನಲ್ಲಿ ಬಾಕಿ ಇಂಟರಪ್ಟ್ ಕೂರಬಹುದಾದ ಮಿಕ್ಕ ಜಾಗಗಳನ್ನೂ ನೋಡಿ. ಹ್ಯಾಂಡ್ಲರ್ ಒಳಗೆ, ಇಒಐ (ಇಂಟರಪ್ಟ್ ಕೆಲಸ ಮುಗಿಯಿತೆಂಬ ಸೂಚನೆ) ಬರೆಯುವ ಮೊದಲೇ ಇನಿಟ್ ಹೊಡೆಯಿರಿ. ಐಎಸ್‌ಆರ್ (ನಡೆಯುತ್ತಿರುವ ಇಂಟರಪ್ಟ್‌ಗಳ ರಿಜಿಸ್ಟರ್) ಅಳಿಯದಿದ್ದರೆ ಅದಕ್ಕಿಂತ ಕೆಳ ಆದ್ಯತೆಯ ಒಂದು ವೆಕ್ಟರೂ ಮುಂದೆ ಬರುವುದಿಲ್ಲ, ಎರರ್ ಕೂಡ ಇರೋದಿಲ್ಲ. ಒನ್-ಶಾಟ್ ಟೈಮರ್‌ನ ಅವಧಿ ಇನಿಟ್‌ಗೂ ಎಸ್‌ಐಪಿಐಗೂ ನಡುವೆ ಮುಗಿಯುವ ಹಾಗೆ ಇಡಿ. ಬಾಕಿ ಎನ್‌ಎಂಐ ಒಂದು. ಎಪಿಕ್ ಐಡಿ ಮಾತ್ರ ಬದಲಾಗಬಾರದು.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ? ರಾತ್ರಿಯೆಲ್ಲ ರೀಬೂಟ್ ಲೂಪ್ ಹಾಕಿದರೆ ಇದ್ದಬದ್ದ ಬಗ್ ತಾನೇ ಆಚೆ ಬರುತ್ತೆ ಅಲ್ವಾ?

ಉತ್ತರ: ಹಾಕಿ, ನಾನೂ ಹಾಕುತ್ತೇನೆ. ಆದರೆ ಅದು ಹೆಚ್ಚಾಗಿ ಹಿಡಿಯೋದು ಅನಗತ್ಯವಾಗಿ ಬಂದ ಇಂಟರಪ್ಟನ್ನು. ಬರಬೇಕಾದದ್ದು ಕಳೆದುಹೋದರೆ? 2023ರಲ್ಲಿ ಸರಿಪಡಿಸಿದ ಒಂದು ಕೆವಿಎಂ ಬಗ್ ನೋಡಿ. ಕರ್ನಲ್ 6.3ರಿಂದ ಈಚೆಗೆ ಕೆಲವು ಇಂಟೆಲ್ ಹೋಸ್ಟ್‌ಗಳಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ ಸ್ನ್ಯಾಪ್‌ಶಾಟ್ ಲೋಡ್ ಮಾಡಿದ ಕೂಡಲೇ ಗೆಸ್ಟ್ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಎಎಂಡಿಯಲ್ಲಿ ತೊಂದರೆ ಇರಲಿಲ್ಲ. ಸೆಟ್_ಲ್ಯಾಪಿಕ್ ಒಳಗೆ ಮೊದಲು ಟೈಮರ್ ಶುರುವಾಗುತ್ತಿತ್ತು. ಅವಧಿ ಆಗಲೇ ಮೀರಿದ್ದರಿಂದ ಇಂಟರಪ್ಟ್ ತಕ್ಷಣ ಪಿಐಆರ್‌ಗೆ, ಅಂದರೆ ಪೋಸ್ಟೆಡ್ ಇಂಟರಪ್ಟ್‌ಗಳ ಬಿಟ್‌ಮ್ಯಾಪ್‌ಗೆ, ಹೋಗಿ ಕೂರುತ್ತಿತ್ತು. ಅದೇ ಫಂಕ್ಷನ್ ಮುಂದಿನ ಹೆಜ್ಜೆಯಲ್ಲಿ "ಹಳೆಯದನ್ನು ಗುಡಿಸೋಣ" ಅಂತ ಪಿಐಆರನ್ನೇ ಅಳಿಸುತ್ತಿತ್ತು. ಹೊಸ ಇಂಟರಪ್ಟ್ ಕಸದ ಜೊತೆ ಹೋಯಿತು, ಗೆಸ್ಟ್ ಕಾಯುತ್ತಲೇ ಉಳಿಯಿತು. ಪರಿಹಾರ: ಮೊದಲು ಅಳಿಸು, ಆಮೇಲೆ ಟೈಮರ್ ಶುರು ಮಾಡು.

ಇದರಿಂದ ಟೆಸ್ಟ್‌ಗೆ ಬರುವ ಕೆಲಸ: ನಿಮ್ಮ ಇಡೀ ಸೆಟ್ಟನ್ನು ಎನೇಬಲ್_ಎಪಿಕ್‌ವಿ ಆನ್ ಇಟ್ಟು ಒಮ್ಮೆ, ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಎಪಿಕ್ ಕೆಲಸವನ್ನು ಹಾರ್ಡ್‌ವೇರ್‌ಗೇ ಬಿಡುವ, ಕೆವಿಎಂ_ಇಂಟೆಲ್ ಮಾಡ್ಯೂಲ್‌ನ ಪ್ಯಾರಾಮೀಟರ್ ಅದು. ಒಂದರಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್ ಬಂದರೆ ಹುಡುಕುವ ಜಾಗ ತಟ್ಟನೆ ಚಿಕ್ಕದಾಗುತ್ತದೆ.

ಮತ್ತೊಬ್ಬರು: ನೆಸ್ಟೆಡ್ (ವಿಎಂ ಒಳಗೆ ಇನ್ನೊಂದು ವಿಎಂ) ಇದ್ದರೆ? ನಮ್ಮ ಎಲ್1 (ಹೊರಗಿನ ವಿಎಂನಲ್ಲಿರುವ) ಹೈಪರ್‌ವೈಸರ್‌ಗೆ ಇನಿಟ್ ಕಳಿಸಿದರೆ ಏನೂ ಆಗೋದಿಲ್ಲ.

ಉತ್ತರ: ಆಗಬಾರದು, ಅದೇ ಸರಿ. ವಿಎಂಎಕ್ಸ್ ರೂಟ್‌ನಲ್ಲಿರುವ (ಹೈಪರ್‌ವೈಸರ್ ಮೋಡ್‌ನಲ್ಲಿರುವ) ಸಿಪಿಯುಗೆ ಇನಿಟ್ ತಡೆದಿರುತ್ತದೆ. ಆದರೆ ಕಳೆದುಹೋಗುವುದಿಲ್ಲ, ವಿಎಂಎಕ್ಸ್‌ಆಫ್ ಆದ ಮೇಲೆ ಬರುತ್ತದೆ. ಎಲ್2 (ಒಳಗಿನ ಗೆಸ್ಟ್) ಓಡುತ್ತಿರುವಾಗ ಬಂದರೆ ಎಲ್1ಗೆ ವಿಎಂ ಎಕ್ಸಿಟ್, ಕಾರಣ ಸಂಖ್ಯೆ 3. ಎಸ್‌ಐಪಿಐ ಕತೆ ಬೇರೆ. ಸಿಪಿಯು ಅದಕ್ಕಾಗಿ ಕಾಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ, ಯಾರೂ ಎತ್ತಿಡುವುದಿಲ್ಲ. ಕೆವಿಎಂ-ಯೂನಿಟ್-ಟೆಸ್ಟ್ಸ್‌ನಲ್ಲಿ ವಿಎಂಎಕ್ಸ್_ಇನಿಟ್_ಸಿಗ್ನಲ್_ಟೆಸ್ಟ್ ಮತ್ತು ವಿಎಂಎಕ್ಸ್_ಎಸ್‌ಐಪಿಐ_ಸಿಗ್ನಲ್_ಟೆಸ್ಟ್ ಇವನ್ನೇ ನೋಡುತ್ತವೆ. ಬರೆಯುವ ಮೊದಲು ಅವೆರಡನ್ನು ಓದಿ.

ಮತ್ತೊಬ್ಬರು: ಆರ್ಮ್64ಗೆ ಇದೇ ಅಚ್ಚು ನಡೆಯುತ್ತಾ?

ಉತ್ತರ: ನೇರವಾಗಿ ಅಲ್ಲ. ಅಲ್ಲಿ ಸಿಪಿಯು ಆಫ್-ಆನ್ ಆಗೋದು ಪಿಎಸ್‌ಸಿಐ ಎಂಬ ಫರ್ಮ್‌ವೇರ್ ಕರೆಯಿಂದ, ಬಾಕಿ ಇಂಟರಪ್ಟ್ ಇರೋದು ಸಿಪಿಯು ಹೊರಗಿನ ಜಿಐಸಿಯಲ್ಲಿ (ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್). ಸಿಪಿಯು ರೀಸೆಟ್ ಆಯಿತು ಅಂತ ಜಿಐಸಿ ತನ್ನ ಲೆಕ್ಕ ಅಳಿಸುವುದಿಲ್ಲ. ಎಕ್ಸ್86ರಲ್ಲಿ "ಉಳಿಯಬಾರದು" ಅಂತ ನೋಡಿದ್ದನ್ನು ಅಲ್ಲಿ ಹಲವು ಕಡೆ "ಉಳಿಯಬೇಕು" ಅಂತ ತಿರುಗಿಸಿ ಬರೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಇವೆಂಟ್ಸ್ ಸೇರಿಸಿದೆ, ಫ್ಲ್ಯಾಗ್ ಕೂಡ. 80000021 ಹೋಯಿತು, ಟ್ರಿಪಲ್ ಫಾಲ್ಟೂ ಇಲ್ಲ. ಆದರೆ ಅಪರೂಪಕ್ಕೆ ಹೊಸ ಕರ್ನಲ್ ಇಂಟರಪ್ಟ್ ತೆರೆದ ತಕ್ಷಣ ಹಳೆಯ ಡಿಸ್ಕ್ ವೆಕ್ಟರ್ ಬರುತ್ತೆ, "ನೋ ಐಆರ್‌ಕ್ಯೂ ಹ್ಯಾಂಡ್ಲರ್" ಅಂತ ಲಾಗ್.

ಉತ್ತರ: ಡಿಸ್ಕ್ ಥ್ರೆಡ್ ಇನ್ನೂ ಜೀವಂತ ಇರುವಾಗಲೇ ನೀವು ಲ್ಯಾಪಿಕ್ ಬರೆಯುತ್ತಿದ್ದೀರಿ ಅನಿಸುತ್ತೆ. ಅದು ನಡುವೆ ಐಆರ್‌ಕ್ಯೂಎಫ್‌ಡಿ (ಗೆಸ್ಟ್‌ಗೆ ಇಂಟರಪ್ಟ್ ಹಾಕುವ ಫೈಲ್ ಡಿಸ್ಕ್ರಿಪ್ಟರ್) ತಟ್ಟಿದರೆ ಇಂಟರಪ್ಟ್ ಹೊಚ್ಚಹೊಸ ಐಆರ್‌ಆರ್‌ನಲ್ಲಿ ಕೂರುತ್ತದೆ. ಮೊದಲು ಎಲ್ಲ ವಿಸಿಪಿಯು ನಿಲ್ಲಲಿ, ಆಮೇಲೆ ಡಿವೈಸ್ ಥ್ರೆಡ್‌ಗಳು ಖಾಲಿಯಾಗಿ ನಿಲ್ಲಲಿ, ಡಿವೈಸ್ ರೀಸೆಟ್, ಐಒಎಪಿಕ್ (ಡಿವೈಸ್‌ಗಳ ಇಂಟರಪ್ಟ್ ಹಂಚುವ ಕಂಟ್ರೋಲರ್), ಕೊನೆಗೆ ವಿಸಿಪಿಯುಗಳು. ಟೆಸ್ಟ್‌ನಲ್ಲಿ ಇದನ್ನು ಬೇಕೆಂದೇ ಕೆಣಕಲು ಲ್ಯಾಪಿಕ್ ಬರೆಯುವ ಮುಂಚೆಯೊಮ್ಮೆ, ಬರೆದ ನಂತರ ಒಮ್ಮೆ ಸಣ್ಣ ನಿದ್ದೆ ತುರುಕಿ, ಆ ಹೊತ್ತಲ್ಲಿ ಡಿಸ್ಕ್‌ಗೆ ಸತತ ಓದು ಕೊಡಿ. ಕೆವಿಎಂ_ಎಪಿಕ್_ಆಕ್ಸೆಪ್ಟ್_ಐಆರ್‌ಕ್ಯೂ ಟ್ರೇಸ್‌ಪಾಯಿಂಟ್ ಆನ್ ಇಟ್ಟರೆ ಯಾವ ವೆಕ್ಟರ್ ಯಾವ ಕ್ಷಣಕ್ಕೆ ಒಳಬಂತು ಅಂತ ಸಾಲುಸಾಲಾಗಿ ಸಿಗುತ್ತದೆ. ಆ ಟ್ರೇಸ್ ಇಲ್ಲಿ ಹಾಕಿ, ನೋಡೋಣ.