ಜಡೆ ಎಷ್ಟು ಬಿಗಿಯಿರಬೇಕು?

ಆಷಾಢದ ಮಳೆ ಹಿಡಿದುಕೊಂಡಿದ್ದ ಸೋಮವಾರ, ಬೆಳಿಗ್ಗೆ ಆರೂಕಾಲಿಗೆ, ಹೊಸನಗರದ ದೊಡ್ಡಮ್ಮ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿದರು. ‘ಬಿಡುವಿಲ್ಲದವರಿಗೆ ಐದೇ ನಿಮಿಷದ ಏಳು ರಕ್ಷಣಾ ಜಡೆಗಳು’ ಎಂಬ ಶೀರ್ಷಿಕೆಯ ಕೆಳಗೆ ಯಾರೋ ದಪ್ಪಕ್ಷರದಲ್ಲಿ ‘ಬಿಗಿಯಾಗಿ ಹೆಣೆದಷ್ಟೂ ಕೂದಲು ಬೇಗ ಬೆಳೆಯುತ್ತದೆ’ ಎಂದು ಬರೆದಿದ್ದರು. ದೊಡ್ಡಮ್ಮ ತಮ್ಮ ಕಡೆಯಿಂದ ಸೇರಿಸಿದ್ದು ಇಷ್ಟು: ‘ನಾನು ಇಪ್ಪತ್ತು ವರ್ಷದಿಂದ ಹೇಳುತ್ತಿರುವುದೂ ಇದನ್ನೇ. ಕೂದಲು ಬಿಟ್ಟುಕೊಂಡು ಬಸ್ಸು ಹತ್ತುವ ಹೆಣ್ಣುಮಕ್ಕಳು ನೋಡಲಿ.’

ಆ ಮಾತು ಯಾರಿಗೆಂದು ಗುಂಪಿನಲ್ಲಿ ಎಲ್ಲರಿಗೂ ತಿಳಿಯಿತು. ಸಾಗರದಿಂದ ಶಿವಮೊಗ್ಗಕ್ಕೆ ದಿನವೂ ಏಳು ಗಂಟೆಯ ಬಸ್ಸಿಗೆ ಕೆಲಸಕ್ಕೆ ಹೋಗುವವಳು ಚಿಕ್ಕಮ್ಮನ ಮಗಳೊಬ್ಬಳೇ. ಅವಳ ಉತ್ತರ ಬರಲು ತಡವಾಗಲಿಲ್ಲ: ‘ದೊಡ್ಡಮ್ಮಾ, ನನ್ನ ಮದುವೆಯ ದಿನ ನೀವು ಚವರಿ ಸೇರಿಸಿ ಕಟ್ಟಿದ ಮೊಗ್ಗಿನ ಜಡೆಯ ಬಿಗಿಗೆ, ಧಾರೆಯ ಹೊತ್ತಿಗೆ ತಲೆನೋವಿನ ಮಾತ್ರೆ ನುಂಗಿ ಮಂಟಪದಲ್ಲಿ ಕೂತಿದ್ದೆ. ಆ ಬಿಗಿಗೆ ಒಂದು ಬೆರಳಷ್ಟು ಕೂದಲೂ ಹೆಚ್ಚಿಗೆ ಬೆಳೆಯಲಿಲ್ಲ.’ ಜಡೆ ಕಟ್ಟಿದ್ದು ತಾನಲ್ಲ, ತೀರ್ಥಹಳ್ಳಿಯ ಅತ್ತೆ. ತಾನು ಮೊಗ್ಗು ಎತ್ತಿಕೊಟ್ಟಿದ್ದು ಮಾತ್ರ ಎಂದು ದೊಡ್ಡಮ್ಮ ಬರೆದರು. ತನ್ನನ್ನು ಹೆಣೆಯಲು ಕೂರಿಸಿದವರು ಯಾರೆಂದು ಅತ್ತೆ ಕೇಳಿದರು. ಹೀಗೆ ಒಂಬತ್ತು ವರ್ಷದ ಹಿಂದಿನ ಮದುವೆ ಮತ್ತೆ ಶುರುವಾಯಿತು.

ಬೆಂಗಳೂರಿನ ಭಾವ ನಡುವೆ ಬಂದು, ಬಿಗಿಗೂ ಬೆಳವಣಿಗೆಗೂ ಸಂಬಂಧವಿದೆಯೆನ್ನಲು ಆಧಾರವೇನು, ಎಷ್ಟು ಜನರ ಮೇಲೆ ಪರೀಕ್ಷಿಸಿದ್ದಾರೆ ಎಂದು ಕೇಳಿದರು. ಹೋದ ವರ್ಷ ದೊಡ್ಡಪ್ಪನ ಕಷಾಯದ ಸಂದೇಶಕ್ಕೂ ಅವರು ಇದೇ ಪ್ರಶ್ನೆ ಹಾಕಿದ್ದರು. ಆ ನೋವು ಇನ್ನೂ ಆರಿರದಿದ್ದ ದೊಡ್ಡಪ್ಪ, ಹಿರಿಯರ ಮಾತಿಗೆ ಆಧಾರ ಕೇಳುವವರ ಮನೆಯಲ್ಲಿ ಮಕ್ಕಳು ಯಾರ ಮಾತು ಕೇಳಿಯಾರು, ಹೆಣ್ಣುಮಕ್ಕಳು ಹೊಸ್ತಿಲು ದಾಟುವಾಗ ಕೂದಲು ಕಟ್ಟಿರಬೇಕೆನ್ನುವುದು ಮನೆಯ ಲಕ್ಷಣವಲ್ಲವೇ ಎಂದು ಉದ್ದಕ್ಕೆ ಬರೆದರು. ಭಾವ ಕೇಳಿದ್ದು ಕೂದಲ ಬುಡದ ವಿಷಯವಾಗಿತ್ತು, ಮನೆಯ ಲಕ್ಷಣದ್ದಲ್ಲ.

ನನಗೆ ಸುಮ್ಮನಿರಲಾಗಲಿಲ್ಲ, ಏಕೆಂದರೆ ಈ ಬಿಗಿಯ ಬೆಲೆ ನನ್ನ ಮನೆಯಲ್ಲಿಯೇ ತೆತ್ತಾಗಿದೆ. ಎಂಟನೇ ತರಗತಿಯ ಮಗಳಿಗೆ ಎರಡು ಜಡೆ ಹಾಕಿ, ಮಡಚಿ, ಟೇಪು ಕಟ್ಟಿ ಶಾಲೆಗೆ ಕಳಿಸಬೇಕು. ಸಂಜೆಯವರೆಗೆ ಸಡಿಲವಾಗದಿರಲೆಂದು, ತಲೆಗೆ ಮಿಂದ ಕೂದಲು ಆರುವ ಮೊದಲೇ ಎಳೆದು ಹೆಣೆಯುತ್ತಿದ್ದೆ. ಹೋದ ದೀಪಾವಳಿಯ ಎಣ್ಣೆಸ್ನಾನಕ್ಕೆ ಕೂರಿಸಿ ಎಣ್ಣೆ ಹಚ್ಚುವಾಗ ನೋಡುತ್ತೇನೆ, ಎರಡೂ ಕಣತಲೆಯ ಮೇಲೆ ಹೆಬ್ಬೆರಳಗಲ ಕೂದಲು ತೆಳುವಾಗಿ ಚರ್ಮ ಹೊಳೆಯುತ್ತಿತ್ತು, ಅಂಚಿನುದ್ದಕ್ಕೂ ಸಣ್ಣ ಸಣ್ಣ ಕೆಂಪು ಬೊಕ್ಕೆಗಳಿದ್ದವು. ಇದು ಬುಡವನ್ನು ಸತತವಾಗಿ ಎಳೆಯುವುದರಿಂದ ಬರುವ ಟ್ರ್ಯಾಕ್ಷನ್ ಅಲೋಪೀಷಿಯಾ, ಬೇಗ ಬಿಟ್ಟರೆ ಕೂದಲು ಮರಳುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ಸತ್ತು ಮತ್ತೆ ಹುಟ್ಟುವುದಿಲ್ಲ ಎಂದರು ಚರ್ಮದ ವೈದ್ಯರು. ಗ್ರೀನ್‌ಲ್ಯಾಂಡಿನಲ್ಲಿ ಕೂದಲನ್ನು ಎಳೆದು ಕಟ್ಟುತ್ತಿದ್ದ ಹೆಂಗಸರಲ್ಲಿ ಇದನ್ನು ಗುರುತಿಸಿ 1907ರಲ್ಲೇ ದಾಖಲಿಸಿದ್ದಾರೆ. ನಾನು ಹೆತ್ತ ಮಗುವಿಗೆ ನನ್ನ ಕೈಯಾರೆ ಮಾಡಿದ ಕೇಡು ಅದು, ಮತ್ತೊಬ್ಬ ತಾಯಿ ಮಾಡಬಾರದು.

ಅದಕ್ಕೆ ವಿಡಿಯೊವನ್ನು ಎರಡು ಸಲ ಪೂರ್ತಿ ನೋಡಿ ಗುಂಪಿಗೆ ಬರೆದೆ. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಕಾರ್ನ್‌ರೋ, ಚೌಕಚೌಕವಾಗಿ ಬೈತಲೆ ತೆಗೆದು ಹತ್ತಾರು ಸಣ್ಣ ಜಡೆ ಹಾಕುವ ಬಾಕ್ಸ್ ಬ್ರೇಡ್, ಎರಡೆಳೆಯ ಟ್ವಿಸ್ಟ್, ಇವು ಆಫ್ರಿಕಾ ಮೂಲದ ಜನರ ಗುಂಗುರು ಕೂದಲಿನಲ್ಲಿ ಬೆಳೆದುಬಂದವು. ಆ ಕೂದಲು ತಿರುವು ತಿರುವಿನಲ್ಲೂ ಮುರಿಯಬಲ್ಲದು. ದಿನವೂ ಬಾಚದೆ, ತುದಿಗಳನ್ನು ಹೆಣಿಗೆಯೊಳಗೆ ಅಡಗಿಸಿಟ್ಟರೆ ತುಂಡಾಗದೆ ಉಳಿಯುತ್ತದೆ. ಶೀರ್ಷಿಕೆಯ ‘ರಕ್ಷಣೆ’ ಎಂದರೆ ಇದೇ. ಬುಡದಿಂದ ಹೊರಡುವ ಕೂದಲು ಜಡೆ ಹಾಕಿದರೂ ಬಿಟ್ಟರೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ ಬೆಳೆಯುತ್ತದೆ. ತುದಿ ಉಳಿದದ್ದರಿಂದ ಉದ್ದ ಕಾಣುತ್ತದೆ, ಅಷ್ಟೇ. ಅವರಲ್ಲಿಯೂ ಆರರಿಂದ ಎಂಟು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆನ್ನುತ್ತಾರೆ. ನಮ್ಮ ನೇರ ಕೂದಲಿಗೆ ಅಷ್ಟು ದಿನ ಸಲ್ಲದು. ಸಹಜವಾಗಿ ದಿನಕ್ಕೆ ಉದುರುವ 50ರಿಂದ 100 ಕೂದಲು ಜಡೆಯೊಳಗೇ ಸಿಕ್ಕಿಕೊಂಡು ಗಂಟಾಗುತ್ತವೆ. ವಿಡಿಯೊದ ಹೆಂಗಸಂತೂ ಕೊನೆಯಲ್ಲಿ, ನೆತ್ತಿ ನೋಯುತ್ತಿದ್ದರೆ ಕೂಡಲೇ ಬಿಚ್ಚಿ ಎಂದೇ ಹೇಳುತ್ತಾಳೆ. ಬಿಗಿಯ ಮಾತು ಅವಳದಲ್ಲ, ಕೆಳಗೆ ಬರೆದವರದು.

ಚಿಕ್ಕಮ್ಮನ ಮಗಳ ಪರವಾಗಿ ಇನ್ನೊಂದು ಮಾತು ಸೇರಿಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮೂರಿನಲ್ಲಿ ಅಷ್ಟಿಲ್ಲದಿದ್ದರೂ ಜುಲೈ ತಿಂಗಳಲ್ಲಿ ತಂತಿಯ ಮೇಲಿನ ಬಟ್ಟೆ ಮೂರು ದಿನವಾದರೂ ಆರುವುದಿಲ್ಲ, ತಲೆಗೂದಲು ಹೇಗೆ ಆರೀತು? ನೀರು ಹೀರಿದ ಕೂದಲು ಉಬ್ಬಿ ಮೆತ್ತಗಾಗಿರುತ್ತದೆ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಅವಳು ಕೂದಲು ಬಿಟ್ಟುಕೊಂಡು ಬಸ್ಸು ಹತ್ತುವುದು ಅದು ಒದ್ದೆಯಿರುವುದರಿಂದ. ಹಿಂದಿನ ಸಂಜೆಯೇ ಮಿಂದು, ಬಚ್ಚಲೊಲೆಯ ಮುಂದೆ ಕೂತು ಆರಿಸಿಕೊಂಡರೆ ಬೆಳಿಗ್ಗೆ ಐದು ನಿಮಿಷ ಸಾಕು.

ಇಷ್ಟು ಬರೆದದ್ದಕ್ಕೆ ಭಾವ, ತಾನು ಆಗಲೇ ಕೇಳಿದ್ದೆನಲ್ಲ ಎಂದರು. ನಾನು ಭಾವನ ಪಕ್ಷ ವಹಿಸಿದೆನೆಂದು ದೊಡ್ಡಪ್ಪನಿಗೆ ಬೇಸರವಾಯಿತು. ಮಗಳ ಕಣತಲೆ ಈಗ ಹೇಗಿದೆ ಎಂದು ಕೇಳಿದವರು ತೀರ್ಥಹಳ್ಳಿಯ ಅತ್ತೆ ಒಬ್ಬರೇ. ದೀಪಾವಳಿಯಿಂದೀಚೆಗೆ ಸಡಿಲ ಜಡೆ ಹಾಕುತ್ತಿದ್ದೇನೆ, ಎಳೆಗೂದಲು ಬಂದಿದೆ ಎಂದೆ.

ಮಾತನ್ನು ಬೇರೆ ಕಡೆಗೆ ಒಯ್ದವರು ಕೊಪ್ಪದ ಅಣ್ಣ. ಅಜ್ಜಿ ತಲೆ ತೊಳೆಯಲು ಮತ್ತಿಸೊಪ್ಪು ಕಿವುಚಿ ಗೊಂಪು ಮಾಡುತ್ತಿದ್ದುದು, ಮೊಮ್ಮಕ್ಕಳನ್ನು ಜಗುಲಿಯ ಮೆಟ್ಟಿಲ ಮೇಲೆ ಒಬ್ಬರ ಕೆಳಗೊಬ್ಬರಂತೆ ಕೂರಿಸಿ, ಸೊರಬದ ಗುಡಿಗಾರರು ಕೆತ್ತಿದ್ದ ಗಂಧದ ಹಣಿಗೆಯಿಂದ ಸಿಕ್ಕು ಬಿಡಿಸುತ್ತಿದ್ದುದು, ಎಲ್ಲವನ್ನೂ ಅವರು ನೆನೆದರು. ಹಣಿಗೆಯ ಹೆಸರೆತ್ತಿದ್ದೇ ತಡ, ಅಜ್ಜಿಯ ನಂತರ ಅದು ಯಾರ ಪೆಟ್ಟಿಗೆ ಸೇರಿತೆಂಬ ಹಳೆಯ ತಕರಾರು ಎದ್ದು ಹದಿನೇಳು ಸಂದೇಶಗಳು ಬಂದವು.

ಅಷ್ಟರಲ್ಲಿ, ಅಡಿಕೆ ದರದ ಹೊರತು ಏನನ್ನೂ ಬರೆಯದ ಸಾಗರದ ಚಿಕ್ಕಪ್ಪ ಬಸ್ಸಿನಲ್ಲಿದ್ದ ತಮ್ಮ ಮಗಳಿಗೆ ಹೀಗೆ ಬರೆದರು: ‘ಎರಡೆಳೆಯ ಜಡೆ ಎಂದರೆ ಕತ್ತದ ಹಗ್ಗದ ಲೆಕ್ಕವೇ. ಎಳೆಗಳನ್ನು ಬೇರೆಬೇರೆಯಾಗಿ ಬಲಕ್ಕೆ ಹುರಿ ಮಾಡು, ಆಮೇಲೆ ಎರಡನ್ನೂ ಒಂದರ ಮೇಲೊಂದು ಎಡಕ್ಕೆ ಸುತ್ತು. ಒಂದು ಬಿಚ್ಚಲು ಹೊರಟರೆ ಇನ್ನೊಂದು ಹಿಡಿಯುತ್ತದೆ. ಬುಡದಲ್ಲಿ ಎಳೆಯುವ ಅಗತ್ಯವೇ ಇಲ್ಲ.’ ಆ ದಿನ ತಲೆಗೆ ಮಿಂದಿರದಿದ್ದ ಅವಳು ಬಸ್ಸಿನಲ್ಲಿ ಕೂತೇ ಹಾಗೆ ಮಾಡಿ, ತುದಿಗೆ ರಬ್ಬರ್‌ಬ್ಯಾಂಡ್ ಬಿಟ್ಟು ಬಟ್ಟೆಯ ಬ್ಯಾಂಡ್ ಹಾಕಿ, ಆಯನೂರು ದಾಟಿದ ಮೇಲೂ ಬಿಚ್ಚಿಲ್ಲವೆಂದು ಚಿತ್ರ ಕಳಿಸಿದಳು. ಹಣಿಗೆಯ ಗಲಾಟೆಯಲ್ಲಿ ಅದನ್ನು ನೋಡಿದವರು ನಾಲ್ಕೇ ಜನ.

ರಾತ್ರಿ ನನಗೊಂದು ನೆನಪಾಗಿ, ಕೊಪ್ಪದ ಅಣ್ಣನ ಸಂದೇಶದ ಕೆಳಗೆ ಬರೆದೆ: ಅಜ್ಜಿ ಜಡೆಯ ಮೊದಲ ಮೂರು ಹೆಣಿಗೆ ಮುಗಿಸಿದ ಮೇಲೆ ಕಿವಿಯ ಹಿಂದೆ, ನೆತ್ತಿಗೂ ಕೂದಲಿಗೂ ನಡುವೆ ತನ್ನ ಬೆರಳು ತೂರಿಸಿ ನೋಡುತ್ತಿದ್ದಳು, ಬೆರಳು ಹೋಗದಿದ್ದರೆ ಬಿಚ್ಚಿ ಮೊದಲಿನಿಂದ ಹೆಣೆಯುತ್ತಿದ್ದಳು. ಗುಂಪಿನಲ್ಲಿ ಯಾರೂ ಏನೂ ಹೇಳಲಿಲ್ಲ. ಹತ್ತು ಗಂಟೆಗೆ ದೊಡ್ಡಮ್ಮ ನನಗೊಬ್ಬಳಿಗೇ ಬರೆದರು: ‘ನಾಳೆ ಬೆಳಿಗ್ಗೆ ಮೊಮ್ಮಗಳಿಗೆ ಜಡೆ ಹಾಕುವುದಿದೆ. ಅಮ್ಮ ತೂರಿಸುತ್ತಿದ್ದದ್ದು ಯಾವ ಬೆರಳು, ತೋರುಬೆರಳೋ ಕಿರುಬೆರಳೋ?’

ಕಿರುಬೆರಳು ಎಂದು ತಿಳಿಸಿದೆ.